ಕೈರೋಪ್ರಾಕ್ಟಿಕ್ ಕ್ಲಿನಿಕ್ ಜಾಹೀರಾತು: ಬೋರ್ಡ್ ಬರೆಸುವ ಮೊದಲು ಇಷ್ಟು ತಿಳಿದಿರಲಿ

"ಸರ, ಬೋರ್ಡಿನ ಮ್ಯಾಲೆ ಏನ್ ಬರಸ್ಬೇಕು? ಯಾವ್ದು ಬರದ್ರ ನೋಟಿಸ್ ಬರ್ತದ?" ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಫಿಸಿಯೋಥೆರಪಿ ಓದಿ, ಆಮೇಲೆ ಕೈರೋಪ್ರಾಕ್ಟಿಕ್ ತರಬೇತಿ ಪಡೆದವರು. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಇಲ್ಲೇ ಒಟ್ಟಿಗೆ ಹೇಳುತ್ತೇನೆ.

ಮೊದಲು ಎರಡು ಮಾತು. ಕೈರೋಪ್ರಾಕ್ಟಿಕ್ ಎಂದರೆ ಬೆನ್ನೆಲುಬು ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಕಡಿಮೆ ಮಾಡಲು ನೋಡುವ ಪದ್ಧತಿ. 1895ರಲ್ಲಿ ಅಮೆರಿಕದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ ಡಿ.ಡಿ. ಪಾಮರ್ ಎಂಬುವವರು ಇದನ್ನು ಶುರು ಮಾಡಿದರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದಕ್ಕೇ ಅಂತ ಕಾನೂನು ಇದೆ, ನೋಂದಣಿ ಮಂಡಳಿ ಇದೆ. ಭಾರತದಲ್ಲಿ ಅಂಥ ಮಂಡಳಿ ಇಲ್ಲ. ಮಂಡಳಿ ಇಲ್ಲ ಅಂದರೆ ಏನು ಬೇಕಾದರೂ ಬರೆಯಬಹುದು ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ನಿಮ್ಮ ಬೆನ್ನಿಗೆ ನಿಲ್ಲುವ ಮಂಡಳಿ ಇಲ್ಲದ ಕಾರಣ, ಬರೆದ ಪ್ರತಿ ಮಾತಿಗೂ ನೀವೊಬ್ಬರೇ ಜವಾಬ್ದಾರರು.

ನಿಮ್ಮ ಬೋರ್ಡ್ ಓದುವವರು ಯಾರು ಅನ್ನುವುದನ್ನೂ ಮರೆಯಬೇಡಿ. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂರುವ ನೇಕಾರರು, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಕೂಲಿಯವರು. ಸೊಂಟ ಹಿಡಿದರೆ ಅವರ ಅಂದಿನ ದುಡಿಮೆ ಹೋಯಿತು. ಅವರು ನಿಮ್ಮ ಬೋರ್ಡನ್ನು ನಂಬಿ, ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಫೈಲ್ ಮಾಡಿಕೊಳ್ಳಿ. ಪದವಿ ಮತ್ತು ತರಬೇತಿ ಪ್ರಮಾಣಪತ್ರ, ನೋಂದಣಿ ಪತ್ರ, ಪಾಲಿಕೆಯ ಪರವಾನಗಿ, ಜಾಹೀರಾತಿನ ಪ್ರತಿ ಮಾತಿಗೂ ಇರುವ ಆಧಾರ, ರೋಗಿಗಳ ಒಪ್ಪಿಗೆ ಪತ್ರ, ನೀವು ಹೊರಡಿಸಿದ ಪ್ರತಿ ಜಾಹೀರಾತಿನ ಪ್ರತಿ ಮತ್ತು ದಿನಾಂಕ. ಫೈಲ್ ಮೊದಲು, ಬೋರ್ಡ್ ಆಮೇಲೆ.

1. ನೀವು ಯಾರು ಅನ್ನುವುದನ್ನು ಸರಿಯಾಗಿ ಬರೆಯಿರಿ

ಹೆಸರಿನ ಮುಂದೆ, ಹಿಂದೆ ಏನು ಬರಬೇಕು ಅನ್ನುವುದೇ ಮೊದಲ ಪ್ರಶ್ನೆ. ನಿಮ್ಮದು ಫಿಸಿಯೋಥೆರಪಿಯ ಬಿಪಿಟಿ ಅಥವಾ ಎಂಪಿಟಿ ಪದವಿ ಆಗಿದ್ದರೆ ಅದನ್ನೇ ಬರೆಯಿರಿ, ಜೊತೆಗೆ "ಫಿಸಿಯೋಥೆರಪಿಸ್ಟ್" ಎಂದು ಬಿಡಿಸಿ ಹೇಳಿ. ಫಿಸಿಯೋಥೆರಪಿ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯಡಿ ಬರುವ ವೃತ್ತಿ. ಅದು ನಿಮಗೆ ಗಟ್ಟಿ ನೆಲ. ಅದನ್ನು ಬಿಟ್ಟು "ಬೆನ್ನೆಲುಬು ತಜ್ಞ", "ನರರೋಗ ತಜ್ಞ" ಅಂತ ಬರೆದರೆ ಜನ ನಿಮ್ಮನ್ನು ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ವೈದ್ಯರು ಎಂದುಕೊಳ್ಳುತ್ತಾರೆ. ನೋಂದಾಯಿತ ವೈದ್ಯರಲ್ಲದವರು ವೈದ್ಯರಂತೆ ವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ಪ್ರಕಾರ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಡಾ." ಎಂಬ ಒಂದಕ್ಷರದ ಜಗಳ ನಿಮಗೆ ಗೊತ್ತೇ ಇದೆ. ಫಿಸಿಯೋಥೆರಪಿಸ್ಟರು ಅದನ್ನು ಬಳಸಬಾರದು ಎಂದು 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆಯಿತು, ಕೂಡಲೇ ಹಿಂದಕ್ಕೆ ಪಡೆಯಿತು. ನನ್ನ ಸಲಹೆ ಇಷ್ಟೇ: ಬಳಸಲೇಬೇಕು ಅಂದರೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಪಕ್ಕದಲ್ಲೇ "ಫಿಸಿಯೋಥೆರಪಿಸ್ಟ್" ಅಂತ ಬರಲಿ. ಓದುವವರಿಗೆ ಗೊಂದಲ ಆಗಬಾರದು.

ಇನ್ನು "ಕೈರೋಪ್ರಾಕ್ಟರ್" ಎಂಬ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಮಾರ್ಗಸೂಚಿ, ಪೂರ್ಣ ಪ್ರಮಾಣದ ಕೈರೋಪ್ರಾಕ್ಟಿಕ್ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆ ಬೇಕು ಎನ್ನುತ್ತದೆ. ಶನಿವಾರ-ಭಾನುವಾರದ ಕೋರ್ಸ್ ಮಾಡಿದವರು ಅದೇ ಹೆಸರು ಹಾಕಿಕೊಳ್ಳುವುದು ಸರಿಯಲ್ಲ ಅಲ್ವಾ? "ಫಿಸಿಯೋಥೆರಪಿಸ್ಟ್, ಇಂಥ ಸಂಸ್ಥೆಯಲ್ಲಿ ಇಷ್ಟು ಗಂಟೆಗಳ ಕೈರೋಪ್ರಾಕ್ಟಿಕ್ ತರಬೇತಿ" ಎಂದು ಬರೆಯಿರಿ. ಗಂಟೆ ಕಡಿಮೆ ಅಂತ ನಾಚಿಕೆ ಬೇಡ. ಗಂಟೆ ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಮಾತ್ರ ತೊಂದರೆ. "ಸರ್ಕಾರದಿಂದ ಮಾನ್ಯತೆ ಪಡೆದ ಕೈರೋಪ್ರಾಕ್ಟರ್" ಎಂಬ ಸಾಲನ್ನಂತೂ ಬರೆಯಲೇಬೇಡಿ. ಆ ಮಾನ್ಯತೆ ಕೊಡುವವರೇ ಇಲ್ಲಿ ಇಲ್ಲ.

2. ನೋಂದಣಿ, ಪರವಾನಗಿ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಎಲ್ಲರ ಬಾಯಲ್ಲಿ ಕೆಪಿಎಂಇ, ಫಿಸಿಯೋಥೆರಪಿ ಕೇಂದ್ರಗಳನ್ನೂ ಹೆಸರಿಸುತ್ತದೆ. ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಕಾಗದಪತ್ರದ ಕೆಲಸ ನಡೆಯುವುದು ಜಿಲ್ಲಾ ಆರೋಗ್ಯ ಅಧಿಕಾರಿ, ಅಂದರೆ ಡಿಎಚ್ಒ ಕಚೇರಿಯಲ್ಲಿ. ಕೈರೋಪ್ರಾಕ್ಟಿಕ್ ಮಾತ್ರ ಮಾಡುವವರು ತಮ್ಮ ಕೇಂದ್ರ ಯಾವ ವರ್ಗಕ್ಕೆ ಬರುತ್ತದೆ ಎಂದು ಅಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಕೌಂಟರ್‌ನಲ್ಲಿ ಯಾರೋ ಬಾಯಿಮಾತಿನಲ್ಲಿ "ಏನೂ ಬೇಡ ಬಿಡ್ರಿ" ಅಂದದ್ದು ನಾಳೆ ಉಪಯೋಗಕ್ಕೆ ಬರುವುದಿಲ್ಲ. ನೋಂದಣಿ ಸಿಕ್ಕ ಮೇಲೆ ಆ ಸಂಖ್ಯೆಯನ್ನು ಬೋರ್ಡಿನಲ್ಲೂ ಕರಪತ್ರದಲ್ಲೂ ಹಾಕಿ. ನೋಂದಣಿಗೆ ಮೊದಲು ಜಾಹೀರಾತು ಬೇಡ. "ಶೀಘ್ರದಲ್ಲೇ ಆರಂಭ" ಎಂಬ ಫ್ಲೆಕ್ಸ್ ಕೂಡ ಬೇಡ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ ಬೇರೆ, ಬೋರ್ಡಿಗೆ ಬೇಕಾದ ಅನುಮತಿ ಬೇರೆ. ಎರಡನ್ನೂ ವಲಯ ಕಚೇರಿಯಲ್ಲಿ ವಿಚಾರಿಸಿ.

3. ಪ್ರತಿ ಮಾತಿಗೂ ಆಧಾರ ಇರಲಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಹಣ ಪಡೆದು ಕೊಡುವ ಸೇವೆಗಳಿಗೂ ಅನ್ವಯಿಸುತ್ತದೆ. ಅದರಡಿ ರಚನೆಯಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೊಗಳಿ ಪ್ರಚಾರ ಮಾಡಿದವರಿಗೆ ಒಂದು ವರ್ಷ ಪ್ರಚಾರ ಮಾಡದಂತೆ ತಡೆ ಹಾಕಬಹುದು. ಹಸಿ ಸುಳ್ಳು ಹೇಳಿದರೆ ಮಾತ್ರ "ದಾರಿ ತಪ್ಪಿಸುವ ಜಾಹೀರಾತು" ಎಂದಲ್ಲ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರಲ್ಲಿ ಸೇರುತ್ತದೆ.

ಹಾಗಾದರೆ ಏನು ಹೇಳಬಹುದು? ಸೊಂಟನೋವಿಗೆ ಕೈಚಿಕಿತ್ಸೆಯಿಂದ, ಅಂದರೆ ಕೈಯಿಂದ ಒತ್ತಿ ಮಾಡುವ ಚಿಕಿತ್ಸೆಯಿಂದ, ಒಂದಿಷ್ಟು ಅನುಕೂಲ ಆಗಬಹುದು ಎನ್ನಲು ಆಧಾರ ಇದೆ. ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವಿಗೆ ಕೈಚಿಕಿತ್ಸೆಯನ್ನು ಪರಿಗಣಿಸಬಹುದು ಎನ್ನುತ್ತದೆ. ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಅದೊಂದೇ ಅಲ್ಲ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲೂ ಔಷಧವಿಲ್ಲದ ದಾರಿಗಳಲ್ಲಿ ಇದು ಒಂದು. ಇವೆರಡರ ಪ್ರತಿಯನ್ನು ಮುದ್ರಿಸಿ ಫೈಲಿನಲ್ಲಿ ಇಡಿ. ಇಷ್ಟು ಆಧಾರದ ಮೇಲೆ ನೀವು ಬರೆಯಬಹುದಾದದ್ದು: "ಸೊಂಟನೋವಿಗೆ ತಪಾಸಣೆ, ಕೈಚಿಕಿತ್ಸೆ ಮತ್ತು ವ್ಯಾಯಾಮ. ಕೆಲವರಿಗೆ ನೋವು ಕಡಿಮೆಯಾಗುತ್ತದೆ." ಇದಕ್ಕಿಂತ ಮುಂದೆ ಹೋಗಬೇಡಿ.

ನಮ್ಮ ಕಡೆ ಬೋರ್ಡುಗಳ ಮೇಲೆ ಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

"ಜರುಗಿದ ಡಿಸ್ಕ್ ಒಂದೇ ಸಲಕ್ಕೆ ಕೂರಿಸುತ್ತೇವೆ." ಡಿಸ್ಕ್ ಎಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆ. ಅದನ್ನು ಹೊರಗಿನಿಂದ ಒತ್ತಿ ಒಳಗೆ ತಳ್ಳಲು ಆಗುವುದಿಲ್ಲ. ಡಿಸ್ಕ್ ತೊಂದರೆ ಇರುವ ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಅದು ನಿಮ್ಮಿಂದಲೇ ಆಯಿತು ಅಂತ ಹೇಳಿಕೊಳ್ಳಬೇಡಿ.

"ಟಕ್ ಎಂದರೆ ಎಲುಬು ಸರಿಹೋಯಿತು." ಆ ಸಪ್ಪಳ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಬರುವುದು. ಎಲುಬು ಜಾಗಕ್ಕೆ ಬಂದು ಕೂತ ಸಪ್ಪಳ ಅಲ್ಲ. ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಮೈಕ್ ಹತ್ತಿರ ಹಿಡಿದು ಸಪ್ಪಳ ಜೋರು ಮಾಡಿ ತೋರಿಸುವುದು ಜನರಲ್ಲಿ ತಪ್ಪು ನಂಬಿಕೆ ಬೆಳೆಸುತ್ತದೆ. ಸಪ್ಪಳ ಬರಲಿಲ್ಲ ಅಂತ ಇನ್ನೂ ಜೋರಾಗಿ ಮುರಿಯಿರಿ ಎನ್ನುವ ರೋಗಿ ನಾಳೆ ನಿಮ್ಮ ಮುಂದೆಯೇ ಕೂತಿರುತ್ತಾರೆ.

"ಆಪರೇಷನ್ ಬೇಕಿಲ್ಲ, ಗುಳಿಗೆ ಬಿಡಿ." ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಆಪರೇಷನ್ ಬೇಕೋ ಬೇಡವೋ ಎಂದು ಹೇಳಬೇಕಾದವರು ಅವರನ್ನು ನೋಡಿದ ಶಸ್ತ್ರವೈದ್ಯರು. ನಿಮ್ಮ ಕರಪತ್ರ ಓದಿ ಒಬ್ಬರು ಆಸ್ಪತ್ರೆಗೆ ಹೋಗುವುದನ್ನು ಎರಡು ವಾರ ಮುಂದೂಡಿ ಕಾಲಿನ ಬಲ ಕಳೆದುಕೊಂಡರೆ ಯಾವ ಪರಿಹಾರವೂ ಆ ಕಾಲನ್ನು ಮರಳಿಸುವುದಿಲ್ಲ.

"ಶೇ. 100 ಗ್ಯಾರಂಟಿ", "ಯಾವ ಅಡ್ಡಪರಿಣಾಮವೂ ಇಲ್ಲ." ಎರಡೂ ಸುಳ್ಳು. ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ನೋಯುವುದು ಸಾಮಾನ್ಯ. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಗೋಡೆ ಹರಿದು ಲಕ್ವಾ ಹೊಡೆದ ಪ್ರಕರಣಗಳು ಅಪರೂಪಕ್ಕೆ ವರದಿಯಾಗಿವೆ. ಅಪರೂಪ ಅಂತ ಹೇಳಿ, ಇಲ್ಲವೇ ಇಲ್ಲ ಅಂತ ಹೇಳಬೇಡಿ.

"ಎತ್ತರ ಹೆಚ್ಚಿಸುತ್ತೇವೆ", "ಲಕ್ವಾ, ಬಿಪಿ, ಶುಗರ್, ಬಂಜೆತನಕ್ಕೂ ಪರಿಹಾರ." 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಪಾರ್ಶ್ವವಾಯು, ಸಂಧಿವಾತ, ಮಧುಮೇಹ, ರಕ್ತದೊತ್ತಡ, ಮೂರ್ಛೆ, ನರಮಂಡಲದ ಕಾಯಿಲೆ, ಬೊಜ್ಜು, ಮಹಿಳೆಯರ ಬಂಜೆತನ, ಎತ್ತರ ಹೆಚ್ಚಿಸುವುದು, ಎಲ್ಲವೂ ಅದರಲ್ಲಿವೆ. ಕಾಯ್ದೆ ಹೇಳುವುದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಬಗ್ಗೆ. ಬರಿಗೈ ಚಿಕಿತ್ಸೆ ಅದರಲ್ಲಿ ಬರುವುದಿಲ್ಲ ಎಂದು ವಕೀಲರು ವಾದಿಸಬಹುದು. ಆದರೆ "ಔಷಧ" ಎಂಬುದಕ್ಕೆ ಅಲ್ಲಿ ಕೊಟ್ಟ ಅರ್ಥ ತುಂಬಾ ಅಗಲ. ದೇಹದ ರಚನೆ ಅಥವಾ ಕೆಲಸದ ಮೇಲೆ ಪರಿಣಾಮ ಮಾಡಲು ಉದ್ದೇಶಿಸಿದ ವಸ್ತುಗಳೂ ಅದರಲ್ಲಿ ಸೇರುತ್ತವೆ. ಚಿಕಿತ್ಸೆಯ ಜೊತೆ ನೀವು ಎಣ್ಣೆ, ಬೆಲ್ಟ್ ಮಾರುತ್ತಿದ್ದರೆ ಆ ವಾದವೂ ಉಳಿಯುವುದಿಲ್ಲ. ಈ ಪಟ್ಟಿಯನ್ನು ಮುಟ್ಟಬಾರದ ಪಟ್ಟಿ ಎಂದೇ ಇಟ್ಟುಕೊಳ್ಳಿ.

ಚಿಕ್ಕ ಮಕ್ಕಳ ಬಗ್ಗೆ ಒಂದು ಮಾತು. ಕೂಸಿನ ಹೊಟ್ಟೆನೋವು, ಅಳು, ಕಿವಿಸೋರು, ದಮ್ಮು ಇವಕ್ಕೆಲ್ಲ ಬೆನ್ನು ಒತ್ತಿ ಗುಣ ಮಾಡುತ್ತೇವೆ ಎಂಬ ಪ್ರಚಾರಕ್ಕೆ ಬ್ರಿಟನ್ನಿನಲ್ಲಿ 2008ರಿಂದ 2010ರವರೆಗೆ ದೊಡ್ಡ ವಿವಾದವೇ ಆಯಿತು. ವಿಜ್ಞಾನ ಬರಹಗಾರ ಸೈಮನ್ ಸಿಂಗ್ ಅದನ್ನು ಪ್ರಶ್ನಿಸಿದರು. ಅಲ್ಲಿನ ಕೈರೋಪ್ರಾಕ್ಟಿಕ್ ಸಂಘ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ, ಕೊನೆಗೆ ತಾನೇ ಹಿಂದಕ್ಕೆ ಪಡೆಯಿತು. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನೆಲುಬಿಗೆ ಈ ಚಿಕಿತ್ಸೆ ಮಾಡಬೇಡಿ ಎಂದು ಹೇಳಿತು. ನಿಮ್ಮ ಜಾಹೀರಾತಿನಲ್ಲಿ ಕೂಸಿನ ಚಿತ್ರವೂ ಇರಬಾರದು.

4. ಯಾರು ಬರಬಾರದು ಅನ್ನುವುದನ್ನೂ ಬರೆಯಿರಿ

ಇದನ್ನು ಹೇಳಿದರೆ ಗಿರಾಕಿ ಕಡಿಮೆಯಾಗುತ್ತಾರೆ ಅಂತ ಹಲವರು ಅಂಜುತ್ತಾರೆ. ಅಂಜಬೇಡಿ. ಜಾಹೀರಾತಿನ ಕೆಳಗೆ ಮೂರು ಸಾಲು ಸಾಕು: ಬಿದ್ದು ಅಥವಾ ಅಪಘಾತದಲ್ಲಿ ಪೆಟ್ಟಾದವರು, ಕ್ಯಾನ್ಸರ್ ಇರುವವರು, ಎಲುಬು ಸವೆದವರು, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು, ನೋವಿನ ಜೊತೆ ಜ್ವರ ಇರುವವರು ಮೊದಲು ವೈದ್ಯರನ್ನು ನೋಡಬೇಕು. ಕಾಲಿನ ಬಲ ಕಡಿಮೆಯಾಗುತ್ತಿದ್ದರೆ, ಕೂರುವ ಜಾಗದಲ್ಲಿ ಜೋಮು ಹಿಡಿದಿದ್ದರೆ, ಮೂತ್ರ-ಮಲದ ಮೇಲೆ ಹಿಡಿತ ತಪ್ಪಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಕೆಎಂಸಿ-ಆರ್‌ಐನಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ಇನ್ನೂ ಜನ ಅದನ್ನು ಕಿಮ್ಸ್ ಎಂದೇ ಕರೆಯುತ್ತಾರೆ. ನೀವೂ ಬ್ರಾಕೆಟ್‌ನಲ್ಲಿ ಹಾಗೇ ಬರೆಯಿರಿ, ಬೇಗ ತಿಳಿಯುತ್ತದೆ.

ಸೂಚನೆಯನ್ನು ಇರುವೆ ಗಾತ್ರದ ಅಕ್ಷರದಲ್ಲಿ ಬರೆಯಬೇಡಿ. ದಾರಿ ತಪ್ಪಿಸುವ ಜಾಹೀರಾತು ತಡೆಯಲು 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ರೀತಿಯದ್ದಿರಬೇಕು. ಕನ್ನಡದಲ್ಲಿ ಹೊಗಳಿ, ಇಂಗ್ಲಿಷಿನಲ್ಲಿ ಷರತ್ತು ಹಾಕುವ ರೂಢಿ ಬಿಡಬೇಕು.

5. ದರ ಮತ್ತು ಆಫರ್

"ಉಚಿತ ತಪಾಸಣೆ" ಎಂದು ಕರೆದು, ಬಂದ ಮೇಲೆ ಎಕ್ಸ್-ರೇ ಕಡ್ಡಾಯ, ಫೈಲ್ ಚಾರ್ಜ್ ಇಷ್ಟು ಎಂದರೆ ಅದು ಉಚಿತ ಅಲ್ಲ. 2022ರ ಮಾರ್ಗಸೂಚಿ ಇದನ್ನು ನೇರವಾಗಿ ತಡೆಯುತ್ತದೆ. "ಇಂದೇ ಕೊನೆಯ ದಿನ" ಎಂದು ತಿಂಗಳುಗಟ್ಟಲೆ ಹಾಕುವುದೂ ತಪ್ಪು. ಮೊದಲ ಭೇಟಿಗೆ ಎಷ್ಟು, ನಂತರ ಎಷ್ಟು, ತೆರಿಗೆ ಸೇರಿದೆಯೋ ಇಲ್ಲವೋ, ಇಷ್ಟನ್ನು ಅಂಕಿಯಲ್ಲಿ ಬರೆಯಿರಿ. 20-30 ಭೇಟಿಗಳ ಪ್ಯಾಕೇಜನ್ನು ಮೊದಲ ದಿನವೇ ಮಾರಬೇಡಿ. ರೋಗಿಯನ್ನು ನೋಡುವ ಮೊದಲೇ ಅವರಿಗೆ ಎಷ್ಟು ಭೇಟಿ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

6. ರೋಗಿಯ ವಿಡಿಯೋ, ಅನುಭವದ ಮಾತು

ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಆರೋಗ್ಯ ಸೇವೆಗಳ ಜಾಹೀರಾತಿನಲ್ಲಿ ರೋಗಿಯ ಪ್ರಶಂಸೆ ಬಳಸುವುದನ್ನು ಕಾನೂನೇ ತಡೆಯುತ್ತದೆ. ನಮ್ಮಲ್ಲಿ ಪೂರ್ತಿ ತಡೆ ಇಲ್ಲ, ಆದರೆ ಆ ಮಾತು ನಿಜವಾಗಿ ಆ ವ್ಯಕ್ತಿಯದ್ದೇ ಆಗಿರಬೇಕು, ಅವರ ಸ್ವಂತ ಅನುಭವದ್ದೇ ಆಗಿರಬೇಕು. ಸಾಧ್ಯವಾದರೆ ಪ್ರಶಂಸೆಯ ವಿಡಿಯೋ ಪೂರ್ತಿ ಕೈಬಿಡಿ ಎನ್ನುವುದು ನನ್ನ ಅಭಿಪ್ರಾಯ. ಟೇಬಲ್ ಮೇಲಿಂದ ಎದ್ದ ಕೂಡಲೇ "ನೋವೇ ಇಲ್ರಿ" ಎಂದವರಿಗೆ ನಾಲ್ಕನೇ ದಿನ ಮತ್ತೆ ನೋವು ಬಂದಿರಬಹುದು. ಆ ನಾಲ್ಕನೇ ದಿನದ ವಿಡಿಯೋ ಯಾರೂ ಹಾಕುವುದಿಲ್ಲ.

ಹಾಕಲೇಬೇಕಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ. ಚಿಕಿತ್ಸೆಗೆ ಒಪ್ಪಿಗೆ ಬೇರೆ, ವಿಡಿಯೋಗೆ ಒಪ್ಪಿಗೆ ಬೇರೆ. ಎರಡಕ್ಕೂ ಒಂದೇ ಸಹಿ ಬೇಡ. ವಿಡಿಯೋಗೆ ಒಪ್ಪಿದರೆ ಶುಲ್ಕದಲ್ಲಿ ರಿಯಾಯಿತಿ ಎಂಬ ಆಸೆ ತೋರಿಸಬೇಡಿ. ಕಡಿಮೆ ಆದಾಯದವರು ಇಲ್ಲ ಅನ್ನಲು ಆಗದೆ ಒಪ್ಪಿಬಿಡುತ್ತಾರೆ. ನಾಳೆ ತೆಗೆಯಿರಿ ಎಂದರೆ ಮಾತಿಲ್ಲದೆ ತೆಗೆಯಬೇಕು.

ಇನ್‌ಸ್ಟಾಗ್ರಾಂನಲ್ಲಿ ಹೆಸರು ಮಾಡಿದವರಿಗೆ ದುಡ್ಡು ಅಥವಾ ಉಚಿತ ಚಿಕಿತ್ಸೆ ಕೊಟ್ಟು ರೀಲ್ ಮಾಡಿಸಿದರೆ ಅದು ಜಾಹೀರಾತು ಎಂದು ರೀಲ್‌ನಲ್ಲೇ ಕಾಣಬೇಕು. ಹಾಗೆಯೇ, ನಿಮ್ಮಲ್ಲಿಗೆ ಬರುವ ಎಂಬಿಬಿಎಸ್ ವೈದ್ಯರ ಫೋಟೋ ಹಾಕಿ ಪ್ರಚಾರ ಮಾಡಬೇಡಿ. ವೈದ್ಯರ ನಡತೆಯ 2002ರ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ಅವರಿಗೆ ನಿಷೇಧಿಸಿವೆ. ನಿಮ್ಮ ಫ್ಲೆಕ್ಸ್‌ನಿಂದ ಅವರ ನೋಂದಣಿಗೆ ಕುತ್ತು ಬರುವುದು ಬೇಡ.

7. ಬೋರ್ಡ್, ಕರಪತ್ರ, ಪತ್ರಿಕೆ

ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಇದು. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದಲೇ ರಾಜ್ಯದಲ್ಲಿ ನಿಷೇಧ. ಎಲ್ಲರೂ ಕಟ್ಟುತ್ತಾರೆ ಅಂತ ನೀವೂ ಕಟ್ಟಬೇಡಿ, ಬಟ್ಟೆಯ ಬ್ಯಾನರ್ ಮಾಡಿಸಿ. ಚೆನ್ನಮ್ಮ ವೃತ್ತದ ಸುತ್ತಲಿನ ಗೋಡೆ, ವಿದ್ಯುತ್ ಕಂಬ, ಮರಗಳಿಗೆ ಪೋಸ್ಟರ್ ಹಚ್ಚುವ ಹುಡುಗರಿಗೆ ಕೆಲಸ ಕೊಡಬೇಡಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆ ಇರುವುದೇ ಅದಕ್ಕೆ.

ಪತ್ರಿಕೆಗೆ ಕೊಡುವಾಗ ಸ್ವಯಂ ಘೋಷಣಾ ಪತ್ರದ ಬಗ್ಗೆ ಜಾಹೀರಾತು ವಿಭಾಗದಲ್ಲಿ ಕೇಳಿ. ಜಾಹೀರಾತಿನಲ್ಲಿ ದಾರಿ ತಪ್ಪಿಸುವ ಮಾತು ಇಲ್ಲ ಎಂದು ನೀವೇ ಬರೆದುಕೊಡುವ ಪತ್ರ ಅದು. ಸುಪ್ರೀಂ ಕೋರ್ಟ್ 2024ರ ಮೇ 7ರಂದು ಇದನ್ನು ಕೇಳಿತ್ತು.

ಕರಪತ್ರಕ್ಕೆ ಒಂದು ಮಾದರಿ ಕೊಡಿ ಅಂತ ಬಹಳ ಜನ ಕೇಳಿದ್ದಾರೆ. ಹೀಗೆ ಬರೆಯಬಹುದು:

"ಬೆನ್ನು ಮತ್ತು ಕೀಲುಗಳಿಗೆ ಕೈಚಿಕಿತ್ಸೆ ಹಾಗೂ ವ್ಯಾಯಾಮ. ಚಿಕಿತ್ಸೆ ಕೊಡುವವರು: (ಹೆಸರು), ಬಿಪಿಟಿ, ಫಿಸಿಯೋಥೆರಪಿಸ್ಟ್. (ಸಂಸ್ಥೆಯ ಹೆಸರು) ಇಲ್ಲಿ (ಇಷ್ಟು) ಗಂಟೆಗಳ ಕೈರೋಪ್ರಾಕ್ಟಿಕ್ ತರಬೇತಿ. ಸೊಂಟನೋವು ಇರುವವರಿಗೆ ಮೊದಲು ತಪಾಸಣೆ. ಕೆಲವರಿಗೆ ನೋವು ಕಡಿಮೆಯಾಗುತ್ತದೆ, ಎಲ್ಲರಿಗೂ ಆಗುತ್ತದೆ ಎಂಬ ಭರವಸೆ ಇಲ್ಲ. ಒಂದೆರಡು ದಿನ ಮೈನೋವು ಬರಬಹುದು. ಕಾಲಿನ ಬಲ ಕಡಿಮೆಯಾಗಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ ಇಲ್ಲಿಗೆ ಬರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಮೊದಲ ಭೇಟಿ ರೂ. (...), ನಂತರ ರೂ. (...). ಕೆಪಿಎಂಇ ನೋಂದಣಿ ಸಂಖ್ಯೆ (...)."

ಮುದ್ರಣಕ್ಕೆ ಕೊಡುವ ಮೊದಲು ಈ ಕರಪತ್ರವನ್ನು ನಿಮ್ಮ ವೃತ್ತಿಗೆ ಸಂಬಂಧವಿಲ್ಲದ ಒಬ್ಬರಿಂದ ಓದಿಸಿ. ಓದಿ ಏನು ತಿಳಿಯಿತು ಎಂದು ಕೇಳಿ. "ಇವರು ಡಿಸ್ಕ್ ಡಾಕ್ಟರ್ ಅನಸ್ತದ" ಎಂದರೆ ತಿದ್ದಿ ಬರೆಯಿರಿ.

8. ನೋಟಿಸ್ ಬಂದರೆ

ಗದಗ ಅಥವಾ ಹಾವೇರಿಯಿಂದ ಬಂದ ರೋಗಿ ಹುಬ್ಬಳ್ಳಿಯ ಕ್ಲಿನಿಕ್ ಮೇಲೆ ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ದೂರುದಾರರು ವಾಸವಿರುವ ಕಡೆಯೇ ದೂರಲು ಅವಕಾಶ ಕೊಟ್ಟಿದೆ. ಆದ್ದರಿಂದ ದೂರದವರು, ಮತ್ತೆ ಬರಲಿಕ್ಕಿಲ್ಲ ಎಂಬ ಎಣಿಕೆ ಬೇಡ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಅವರು ಕರೆ ಮಾಡಬಹುದು.

ನೋಟಿಸ್ ಕೈಗೆ ಬಂದ ದಿನವೇ ಲಕೋಟೆಯ ಮೇಲೆ ದಿನಾಂಕ ಬರೆದು ಫೈಲಿಗೆ ಹಾಕಿ. ಯಾವ ಮಾತಿನ ಬಗ್ಗೆ ದೂರು ಬಂದಿದೆಯೋ ಅದನ್ನು ಬೋರ್ಡ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸ್ಟೇಟಸ್, ಗೂಗಲ್ ಮ್ಯಾಪ್, ಎಲ್ಲ ಕಡೆಯಿಂದ ತೆಗೆಯಿರಿ. ಆದರೆ ತೆಗೆಯುವ ಮೊದಲು ಫೋಟೋ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಕ್ಷ್ಯ ಅಳಿಸಿದರು ಎಂಬ ಮಾತು ಬರುತ್ತದೆ. ದೂರು ಕೊಟ್ಟ ರೋಗಿಗೆ ಫೋನ್ ಮಾಡಿ ಜಗಳ ಮಾಡಬೇಡಿ, ಬೇರೆಯವರಿಂದ ಹೇಳಿಸಲೂ ಬೇಡಿ. ಕೊಟ್ಟ ಗಡುವಿನೊಳಗೆ ಗ್ರಾಹಕ ವ್ಯಾಜ್ಯ ನಡೆಸಿ ಗೊತ್ತಿರುವ ವಕೀಲರ ಮೂಲಕ ಲಿಖಿತ ಉತ್ತರ ಕೊಡಿ. ಮೊದಲ ಹಂತದಿಂದ ಕಟ್ಟಿಕೊಂಡು ಬಂದ ಫೈಲನ್ನು ಪೂರ್ತಿಯಾಗಿ ಅವರ ಮುಂದೆ ಇಡಿ, ನಿಮಗೆ ಅನುಕೂಲವಾದ ಹಾಳೆಗಳನ್ನು ಮಾತ್ರ ಅಲ್ಲ. ಹಳೆಯ ಕರಪತ್ರದ ಕಟ್ಟುಗಳು ಪೇಪರ್ ಹಾಕುವ ಏಜೆಂಟರ ಹತ್ತಿರ ಉಳಿದಿದ್ದರೆ ಅವನ್ನೂ ಅವತ್ತೇ ವಾಪಸ್ ತರಿಸಿಕೊಳ್ಳಿ.